ಬ್ಯಾಟರಿ ಜಾಡಿಯಲ್ಲಿ ಬೆಂದ ಕೇಕು

ಗಾಜು ಬಿಸಿಗೆ ಒಡೆಯುತ್ತದೆ ಅನ್ನುವುದು ಅರ್ಧ ಸತ್ಯ. ಅದು ಒಡೆಯುವುದು ಬಿಸಿಯ ಏರುಪೇರಿಗೆ. ಕುದಿಯುವ ಬೀಕರನ್ನು ಒದ್ದೆ ಕಡಪ ಕಲ್ಲಿನ ಮೇಲಿಟ್ಟರೆ ತಳ ಥಟ್ಟನೆ ಕುಗ್ಗಲು ನೋಡುತ್ತದೆ, ಮೇಲಿನ ಗೋಡೆ ಇನ್ನೂ ಹಿಗ್ಗಿಯೇ ಇರುತ್ತದೆ. ಆ ಜಗ್ಗಾಟ ತಾಳದೆ ಗಾಜು ಸೀಳುತ್ತದೆ. ಹಾಗಾಗಿ ಬೇಕಾಗಿದ್ದದ್ದು ಹೆಚ್ಚು ಹಿಗ್ಗದ ಗಾಜು.

ಅಂಥದ್ದನ್ನು ಮಾಡಿದವನು ಜರ್ಮನಿಯ ಒಟ್ಟೊ ಶಾಟ್, ಕಿಟಕಿ ಗಾಜು ತಯಾರಿಸುವವನ ಮಗ. 1884ರಲ್ಲಿ ಅರ್ನ್ಸ್ಟ್ ಆಬೆ ಮತ್ತು ಕಾರ್ಲ್ ಝೈಸ್ ಜೊತೆಗೂಡಿ ಯೇನಾ ಪಟ್ಟಣದಲ್ಲಿ ಗಾಜಿನ ಪ್ರಯೋಗಶಾಲೆ ತೆರೆದ. ತಲೆಯಲ್ಲಿದ್ದದ್ದು ಸೂಕ್ಷ್ಮದರ್ಶಕದ ಮಸೂರ. ಆದರೆ ಥರ್ಮಾಮೀಟರುಗಳದ್ದೂ ಒಂದು ತಕರಾರಿತ್ತು: ಒಮ್ಮೆ ಕುದಿನೀರಿನಲ್ಲಿ ಅದ್ದಿ ತೆಗೆದರೆ, ಆಮೇಲೆ ಮಂಜುಗಡ್ಡೆಯಲ್ಲಿಟ್ಟಾಗ ಪಾದರಸ ಸೊನ್ನೆಗಿಂತ ಕೆಳಗೆ ನಿಲ್ಲುತ್ತಿತ್ತು. ಸೋಡಾ, ಪೊಟ್ಯಾಷ್ ಎರಡನ್ನೂ ಒಟ್ಟಿಗೆ ಬೆರೆಸಿದ ಗಾಜಿನಲ್ಲಿ ಈ ದೋಷ ಹೆಚ್ಚು. ಪಾಕ ಬದಲಿಸುತ್ತಾ ಹೋದ ಶಾಟ್ ಸೋಡಾ ಇಳಿಸಿ ಬೋರಾನ್ ಆಕ್ಸೈಡ್ ಸೇರಿಸಿದ. ಹೀಗೆ ಬೋರೋಸಿಲಿಕೇಟ್ ಬಂತು. ಅದಕ್ಕೆ ದೊಡ್ಡ ಮಾರುಕಟ್ಟೆ ಸಿಕ್ಕಿದ್ದು ಮಾತ್ರ ಲ್ಯಾಬಿನಲ್ಲಲ್ಲ, ಗ್ಯಾಸ್ ದೀಪದ ಚಿಮಣಿಯಲ್ಲಿ.

ಅಮೆರಿಕದಲ್ಲೂ ದೀಪದ್ದೇ ಕಾಟ. ರೈಲ್ವೆ ಲಾಟೀನಿಗೆ ಒಳಗೆ ಉರಿ, ಹೊರಗೆ ಹಿಮ. ಬುರುಡೆ ಸೀಳಿದರೆ ಸಿಗ್ನಲ್ಲೇ ಇಲ್ಲ. ಕಾರ್ನಿಂಗ್ ಕಂಪನಿ ನೊನೆಕ್ಸ್ ಎಂಬ ಗಾಜು ಮಾಡಿತು. ಅದು ಎಷ್ಟು ಗಟ್ಟಿಯೆಂದರೆ ಬದಲಿ ಬುರುಡೆ ಕೇಳುವವರೇ ಕಡಿಮೆಯಾದರು! ಹೊಸ ಗಿರಾಕಿ ಹುಡುಕಬೇಕಾಯಿತು.

ದಾರಿ ತೋರಿದ್ದು ಅಡುಗೆಮನೆ. 1913ರಲ್ಲಿ ಕಂಪನಿಯ ಭೌತವಿಜ್ಞಾನಿ ಜೆಸ್ಸಿ ಲಿಟಲ್‌ಟನ್ ಇದೇ ನೊನೆಕ್ಸಿನ ಬ್ಯಾಟರಿ ಜಾಡಿಯೊಂದರ ತಳವನ್ನು ಗರಗಸದಿಂದ ಕೊಯ್ದು ಮನೆಗೆ ಒಯ್ದ. ಹೆಂಡತಿ ಬೆಸ್ಸಿ ಅದರಲ್ಲಿ ಸ್ಪಾಂಜ್ ಕೇಕ್ ಬೇಯಿಸಿದಳು. ಸುತ್ತಲೂ ಒಂದೇ ಹದದ ಕಂದು, ತಳಕ್ಕೆ ಅಂಟಿಲ್ಲ, ಬೇಯುವುದೂ ಹೊರಗಿನಿಂದಲೇ ಕಾಣುತ್ತದೆ. ನೊನೆಕ್ಸಿನಲ್ಲಿ ಸೀಸವಿತ್ತು, ಯೂಜೀನ್ ಸಲಿವನ್, ವಿಲಿಯಂ ಟೇಲರ್ ಅದನ್ನು ತೆಗೆದು ಹೊಸ ಪಾಕ ಕಟ್ಟಿದರು. 1915ರಲ್ಲಿ ಅದು ಪೈರೆಕ್ಸ್ ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು. ಅಷ್ಟರಲ್ಲಿ ಮೊದಲ ಮಹಾಯುದ್ಧದಿಂದ ಯೇನಾ ಗಾಜಿನ ಆಮದು ನಿಂತಿತ್ತು, ಪ್ರಯೋಗಾಲಯಗಳೂ ಇದನ್ನೇ ಹಿಡಿದವು.

ಇವತ್ತು ಬೀಕರಿನ ಮೇಲೆ 3.3 ಎಂಬ ಅಂಕಿ ಕಂಡರೆ ಅದು ಈ ವಂಶದ್ದು: ಒಂದು ಡಿಗ್ರಿ ಬಿಸಿಗೆ ಹಿಗ್ಗುವುದು ಹತ್ತು ಲಕ್ಷದಲ್ಲಿ 3.3 ಪಾಲು. ಸಾಮಾನ್ಯ ಸೋಡಾ ಗಾಜು ಸುಮಾರು 9 ಪಾಲು ಹಿಗ್ಗುತ್ತದೆ. ಅಂಕಿಯಿಲ್ಲದ ಚೂರು ಸಿಕ್ಕಿದರೆ ಗ್ಲಿಸರಿನ್‌ನಲ್ಲಿ ಮುಳುಗಿಸಿ ನೋಡಿ. ಗ್ಲಿಸರಿನ್, ಬೋರೋಸಿಲಿಕೇಟ್ ಎರಡರ ವಕ್ರೀಭವನ ಸೂಚ್ಯಂಕವೂ 1.47ರ ಆಸುಪಾಸು, ಹಾಗಾಗಿ ಬೋರೋಸಿಲಿಕೇಟ್ ಕಣ್ಣಿಗೆ ಹೆಚ್ಚುಕಡಿಮೆ ಮಾಯ. ಸೋಡಾ ಗಾಜಿನ ಅಂಚು ಕಾಣುತ್ತಲೇ ಇರುತ್ತದೆ. ಇಷ್ಟಾದರೂ ದಪ್ಪ ಗೋಡೆಯ ಅಳತೆ ಸಿಲಿಂಡರನ್ನು ಬರ್ನರಿನ ಮೇಲಿಡಬೇಡಿ. ಯಾವ ಪಾಕದ್ದಾದರೂ ಸರಿ, ದಪ್ಪಗಾದಷ್ಟೂ ಒಳಹೊರಗಿನ ಬಿಸಿಯ ಅಂತರ ಹೆಚ್ಚು.