ಊರೇ ಸೇರಿ ಹಾಕುವ ಸಂಕ

ಮಳೆಗಾಲಕ್ಕೆ ಮೊದಲು ಗೇರುಸೊಪ್ಪೆಯ ಸುತ್ತಲಿನ ಮನೆಗಳಲ್ಲಿ ಕೈತುಂಬ ಕೆಲಸ. ಕಟ್ಟಿಗೆ ಒಳಸೇರಬೇಕು, ಮಾಡಿನ ಹಂಚು ಸರಿಯಾಗಬೇಕು. ಇವೆಲ್ಲ ಅವರವರ ಮನೆಯ ಕೆಲಸ. ಆದರೆ ಹಳ್ಳಕ್ಕೆ ಸಂಕ ಹಾಕುವುದು ಮಾತ್ರ ಇಡೀ ಕೇರಿಯ ಕೆಲಸ.

ಶರಾವತಿಯನ್ನು ಸೇರುವ ಸಣ್ಣ ಹಳ್ಳಗಳನ್ನು ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರಿ ದಾಟಬಹುದು. ಘಟ್ಟದಲ್ಲಿ ಮಳೆ ಹಿಡಿಯಿತೆಂದರೆ ಅವೇ ಕೆಂಪಾಗಿ ಉಕ್ಕುತ್ತವೆ. ಶಾಲೆ ಆಚೆ ದಡದಲ್ಲಿ, ಮನೆ ಈಚೆ ದಡದಲ್ಲಿ ಇದ್ದರೆ? ಅದಕ್ಕೇ ಕಾಲುಸಂಕ ಬೇಕು.

ಫಸಲು ನಿಂತ ಹಳೆಯ ಅಡಿಕೆ ಮರಗಳನ್ನು ಕಡಿದು, ಹೊತ್ತು ತಂದು, ಎರಡೂ ದಡಕ್ಕೆ ಮುಟ್ಟುವಂತೆ ಮೂರ್ನಾಲ್ಕನ್ನು ಒತ್ತಾಗಿ ಇಡುತ್ತಾರೆ. ಅವು ಜಾರದಂತೆ ಬಿಗಿದು ಕಟ್ಟಿ, ಕೈಹಿಡಿಗೆ ಬಿದಿರು ಕಟ್ಟುತ್ತಾರೆ. ಮರ ಒಬ್ಬರ ತೋಟದ್ದು, ಹಗ್ಗ ಇನ್ನೊಬ್ಬರದು, ಹೆಗಲು ಎಲ್ಲರದು. ಇಂದು ನಾನು ನಿನ್ನ ಕೆಲಸಕ್ಕೆ, ನಾಳೆ ನೀನು ನನ್ನ ಕೆಲಸಕ್ಕೆ ಎಂಬ ಪದ್ಧತಿಗೆ ಹಿರಿಯರು ಮುಯ್ಯಾಳು ಎನ್ನುತ್ತಿದ್ದರು. ಸಂಕದ ಕೆಲಸದಲ್ಲಿ ಆ ಲೆಕ್ಕವೂ ಇಲ್ಲ. ದಾಟುವವರೆಲ್ಲರೂ ಕಟ್ಟುವವರೇ.

ಮಕ್ಕಳೇ, ದೂರದ ಆಫ್ರಿಕಾದಲ್ಲೂ ಇಂಥದೇ ರೂಢಿಯಿದೆ. ಸಾವಿರ ಬೆಟ್ಟಗಳ ನಾಡು ಎನಿಸಿದ ರುವಾಂಡಾದಲ್ಲಿ ಪ್ರತಿ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಜನ ಗುದ್ದಲಿ ಹಿಡಿದು ಹೊರಡುತ್ತಾರೆ. ರಸ್ತೆ ಸರಿಪಡಿಸುತ್ತಾರೆ, ಗಿಡ ನೆಡುತ್ತಾರೆ, ಶಾಲೆಯ ಕೋಣೆ ಕಟ್ಟಲು ಕೈಜೋಡಿಸುತ್ತಾರೆ. ಅದರ ಹೆಸರು ಉಮುಗಾಂಡ. ಅಲ್ಲಿ 18ರಿಂದ 65 ವರ್ಷದವರು ಇದಕ್ಕೆ ಬರಲೇಬೇಕೆಂಬ ಕಾನೂನಿದೆ. ನಮ್ಮ ಸಂಕಕ್ಕೆ ಕಾನೂನಿಲ್ಲ. ಮೋಡ ಕಪ್ಪಾದರೆ ಸಾಕು, ಜನ ಸೇರುತ್ತಾರೆ.

ಆದರೂ ಅಡಿಕೆ ಮರ ಮಳೆಯಲ್ಲಿ ನೆನೆದು ಬೇಗ ಕುಂಬಾಗುತ್ತದೆ, ಪಾಚಿ ಕಟ್ಟಿ ಜಾರುತ್ತದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಹಳ್ಳಕ್ಕೆ ಬಿದ್ದು ತೀರಿಕೊಂಡಳು. ಊರವರ ಶ್ರಮ ಎಷ್ಟು ದೊಡ್ಡದಾದರೂ, ಉಕ್ಕುವ ಹಳ್ಳಕ್ಕೆ ಗಟ್ಟಿ ಸೇತುವೆಯೇ ಬೇಕು.

ಆ ದಾರಿಯನ್ನು ತೋರಿದವರು ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್. 1989ರಲ್ಲಿ ಅರಂಬೂರಿನ ಜನ ಪಯಸ್ವಿನಿ ಹೊಳೆಗೆ ಸೇತುವೆ ಬೇಕೆಂದು ಅವರ ಬಳಿ ಬಂದರು. ಊರವರು ದುಡಿಯಲು ನಿಂತರು, ಅವರು ಉಕ್ಕಿನ ಹಗ್ಗದ ತೂಗುಸೇತುವೆ ಕಟ್ಟಿಕೊಟ್ಟರು. ಮುಂದೆ ಅವರಿಂದ ನೂರಕ್ಕೂ ಹೆಚ್ಚು ಸೇತುವೆಗಳಾದವು. 2017ರಲ್ಲಿ ಪದ್ಮಶ್ರೀ ಬಂತು. ಶಾಲೆಗೆ ಹೋಗುವ ಮಕ್ಕಳಿಗಾಗಿ ಕಿರುಸೇತುವೆ ಕಟ್ಟುವ 'ಶಾಲಾ ಸಂಪರ್ಕ ಸೇತು' ಎಂಬ ಯೋಜನೆ ನಮ್ಮ ರಾಜ್ಯದಲ್ಲೇ ಜಾರಿಗೆ ಬಂದಿತ್ತು. ನಿಮ್ಮ ದಾರಿಯಲ್ಲಿ ಅಪಾಯದ ಸಂಕವಿದ್ದರೆ ಅಜ್ಜ, ಅಪ್ಪ ಸೇರಿ ಗ್ರಾಮಸಭೆಯಲ್ಲಿ ಕೇಳಲಿ. ಅದೂ ಶ್ರಮದಾನವೇ.

ಅಲ್ಲಿಯವರೆಗೆ ಇಷ್ಟು ನೆನಪಿರಲಿ: ನೀರು ಸಂಕವನ್ನು ಮುಟ್ಟುವಂತಿದ್ದರೆ ದಾಟಬೇಡಿ. ದೊಡ್ಡವರ ಜೊತೆ, ಒಬ್ಬೊಬ್ಬರಾಗಿ, ಕೈಹಿಡಿ ಬಿಡದೆ ನಡೆಯಿರಿ. ಜೋರು ಮಳೆಯ ದಿನ ಶಾಲೆ ತಪ್ಪಿದರೂ ಚಿಂತೆಯಿಲ್ಲ, ಪಾಠ ಮರುದಿನ ಬರೆದುಕೊಳ್ಳಬಹುದು.

ಇಂದು ಸಂಜೆ ಅಜ್ಜಿಯನ್ನೋ ಅಜ್ಜನನ್ನೋ ಕೇಳಿ: ನೀವು ಶಾಲೆಗೆ ಹೋಗುವಾಗ ಯಾವ ಹಳ್ಳ ದಾಟುತ್ತಿದ್ದಿರಿ? ಅದಕ್ಕೆ ಸಂಕ ಹಾಕುತ್ತಿದ್ದವರು ಯಾರ್‍ಯಾರು? ಅವರು ಹೇಳಿದ ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಸಂಕಗಳ ಮೇಲೆ ಯಾರೂ ತಮ್ಮ ಹೆಸರು ಕೆತ್ತಿರಲಿಲ್ಲ.