ನಿಜಾಮರ ಕಾಣಿಕೆಯ ಬಾಂಬರ್ ವಿಮಾನಗಳು ಮತ್ತು ಸುರಪುರ ಸೀಮೆ

ಯಾದಗಿರಿ, ಶಹಾಪುರ, ಸುರಪುರಗಳ ಆಧುನಿಕ ಚರಿತ್ರೆಯನ್ನು ಬರೆಯುವವರು 1858ರ ವೆಂಕಟಪ್ಪನಾಯಕನ ದುರಂತದಿಂದ ನೇರವಾಗಿ 1948ರ ವಿಮೋಚನೆಗೆ ಬರುವುದು ವಾಡಿಕೆ. ನಡುವಣ ಕಾಲದಲ್ಲಿ ಹೈದರಾಬಾದ್ ಸಂಸ್ಥಾನದ ಭಾಗವಾಗಿ ಈ ಸೀಮೆಗೆ ಹೊರಜಗತ್ತಿನೊಡನೆ ಒದಗಿದ ಸಂಬಂಧಗಳು ಅಷ್ಟಾಗಿ ಗಮನ ಸೆಳೆದಿಲ್ಲ. ಅವುಗಳಲ್ಲೊಂದು ದೂರಗಾಮಿ ಬಾಂಬರ್ ವಿಮಾನದ ಚರಿತ್ರೆಗೆ ಸೇರಿದೆ.

ಮೊದಲನೆಯ ಮಹಾಯುದ್ಧದಲ್ಲಿ ಬಾಂಬರ್ ಆರಂಭದಲ್ಲಿ ರಣರಂಗದ ಸೈನ್ಯಕ್ಕೆ ನೆರವಾಗುವ ಸಾಧನವಷ್ಟೇ ಆಗಿತ್ತು. ಶತ್ರುದೇಶದ ಒಳನಾಡಿನ ಕಾರ್ಖಾನೆ, ರೈಲುನಿಲ್ದಾಣ, ವಿಮಾನನೆಲೆಗಳನ್ನು ಕೆಡವಿ, ಯುದ್ಧ ಹೂಡುವ ಶಕ್ತಿಯನ್ನೇ ಕುಗ್ಗಿಸಬೇಕೆಂಬ ವಿಚಾರ ಕ್ರಮೇಣ ಬಲಗೊಂಡಿತು. ಇದಕ್ಕೆಂದೇ ಬ್ರಿಟಿಷರು 1918ರ ಜೂನ್‌ನಲ್ಲಿ ಟ್ರೆಂಚರ್ಡ್ ಅವರ ನೇತೃತ್ವದಲ್ಲಿ ‘ಇಂಡಿಪೆಂಡೆಂಟ್ ಫೋರ್ಸ್’ ಎಂಬ ಪ್ರತ್ಯೇಕ ವಾಯುಬಲವನ್ನು ಸ್ಥಾಪಿಸಿದರು. ಸೆಪ್ಟೆಂಬರ್‌ನಲ್ಲಿ ಅದನ್ನು ಸೇರಿದ 110ನೆಯ ಸ್ಕ್ವಾಡ್ರನ್ನಿನ ಮೂಲ ವಿಮಾನಗಳೆಲ್ಲವೂ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿಖಾನರ ಕಾಣಿಕೆ. ಪ್ರತಿಯೊಂದು ವಿಮಾನದ ಮೇಲೂ ಅದನ್ನು ಸಾರುವ ಬರೆಹವಿತ್ತು. ಸ್ಕ್ವಾಡ್ರನ್ನಿಗೆ ‘ಹೈದರಾಬಾದ್’ ಎಂಬ ಹೆಸರೂ ಸಂದಿತು.

ಆ ವಿಮಾನಗಳು ಡಿ.ಎಚ್.9ಎ ಮಾದರಿಯವು, ಅಮೆರಿಕದ 400 ಅಶ್ವಶಕ್ತಿಯ ಲಿಬರ್ಟಿ ಎಂಜಿನ್, ಇಬ್ಬರು ಯೋಧರು. ಫ್ರಾನ್ಸಿನ ಬೆಟ್ಟೋಂಕೂರ್ ನೆಲೆಯಿಂದ ಅವು ಹಾಡುಹಗಲೇ ಫ್ರಾಂಕ್‌ಫರ್ಟ್‌ವರೆಗೂ ಹಾರಿದವು. ನವೆಂಬರ್‌ನಲ್ಲಿ ಯುದ್ಧ ನಿಲ್ಲುವ ಹೊತ್ತಿಗೆ ಕೆಡವಿದ ಬಾಂಬುಗಳ ತೂಕ ಸುಮಾರು ಹತ್ತೂವರೆ ಟನ್ನು. ಅಷ್ಟಕ್ಕೆ ಶತ್ರುವಿನ ಪಾಲಾದ ವಿಮಾನಗಳು 17, ಅಪಘಾತಕ್ಕೀಡಾದವು 28. ಫಲಕ್ಕಿಂತ ನಷ್ಟವೇ ಮಿಗಿಲೆನ್ನದೆ ವಿಧಿಯಿಲ್ಲ. ಆದರೂ ಮುಂದಿನ ಮಹಾಯುದ್ಧದ ಭಾರೀ ಬಾಂಬರುಗಳಿಗೆ ತಳಹದಿಯಾದುದು ಇದೇ ತತ್ತ್ವ.

ಕಾಣಿಕೆ ದೊರೆಯ ಹೆಸರಿನದು, ನಿಜ. ಆದರೆ ಸರ್ಕಾರಿ ಖಜಾನೆಯಾಗಲಿ, ದೊರೆಯ ಸ್ವಂತದ ‘ಸರ್ಫ್-ಎ-ಖಾಸ್’ ಆಗಲಿ, ಎರಡಕ್ಕೂ ಭೂಕಂದಾಯವೇ ಪ್ರಧಾನ ಆಧಾರ. ಅಂದು ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದ ಈ ಮೂರು ತಾಲ್ಲೂಕುಗಳ ಒಕ್ಕಲಿಗರೂ ಆ ಕಂದಾಯವನ್ನು ತೆತ್ತವರು. ಸುರಪುರದ ವಿಷಯದಲ್ಲಂತೂ ಇದು ವಿಪರ್ಯಾಸ. 1857-58ರ ದಂಗೆಯಲ್ಲಿ ತಮಗೆ ನಿಷ್ಠರಾಗಿದ್ದುದಕ್ಕೆ ಪ್ರತಿಯಾಗಿ ಬ್ರಿಟಿಷರು ತಾವು ಗೆದ್ದ ಈ ಸಂಸ್ಥಾನವನ್ನು 1860ರಲ್ಲಿ ನಿಜಾಮರಿಗೆ ಒಪ್ಪಿಸಿದ್ದರು. ಅವರ ವಿರುದ್ಧ ಕಾದಿದ ನಾಡಿನ ಮಕ್ಕಳು ಮೊಮ್ಮಕ್ಕಳ ದುಡಿಮೆಯೂ ಅವರದೇ ಯುದ್ಧವೆಚ್ಚದಲ್ಲಿ ಬೆರೆಯಿತು.

ಈ ವಿಮಾನಗಳಲ್ಲಿ ಎಫ್1010 ಸಂಖ್ಯೆಯದು ಉಳಿದಿದೆ. 1918ರ ಅಕ್ಟೋಬರ್‌ನಲ್ಲಿ ಜರ್ಮನರ ಕೈಸೇರಿ, ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿದ್ದು, ಮುಂದೆ ಪೋಲೆಂಡಿನ ಕ್ರಾಕೋವ್‌ಗೆ ಸಾಗಿ, 1977ರಲ್ಲಿ ವಿನಿಮಯದ ಮೂಲಕ ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ವಸ್ತುಸಂಗ್ರಹಾಲಯವನ್ನು ಸೇರಿತು.