ಜಾನ್ ವಿಕ್‌ನ ಗುರು ಮೂಕಿ ಚಿತ್ರದ ಹಾಸ್ಯನಟ!

2017ರ ‘ಜಾನ್ ವಿಕ್: ಚಾಪ್ಟರ್ 2’ ಇದ್ದರೆ ಮೊದಲ ನಿಮಿಷವನ್ನು ಇನ್ನೊಮ್ಮೆ ಹಾಕಿ ನೋಡಿ. ನ್ಯೂಯಾರ್ಕಿನ ರಾತ್ರಿ. ಕಟ್ಟಡವೊಂದರ ಗೋಡೆಯ ಮೇಲೆ ಕಪ್ಪು-ಬಿಳುಪು ಸಿನಿಮಾ ಓಡುತ್ತಿದೆ. ಕೆಳಗಿನ ಬೀದಿಯಲ್ಲಿ ಬೈಕು, ಕಾರುಗಳ ಚೇಸು. ಎಲ್ಲರ ಕಣ್ಣು ಬೀದಿಯ ಮೇಲೆ. ಆದರೆ ಗೋಡೆಯ ಮೇಲಿರುವವನು ಯಾರು? ಬಸ್ಟರ್ ಕೀಟನ್! ನೂರು ವರ್ಷದ ಹಿಂದೆ ಮಾತೇ ಇಲ್ಲದ ಚಿತ್ರಗಳಲ್ಲಿ ಬಿದ್ದು, ಎದ್ದು, ಮುಖದ ಗೆರೆ ಅಲುಗಿಸದೆ ಜಗತ್ತನ್ನು ನಗಿಸಿದವನು. ಹೆಣಗಳ ರಾಶಿ ಹಾಕುವ ಸಿನಿಮಾದ ಬಾಗಿಲಲ್ಲೇ ಹಾಸ್ಯನಟನ ಚಿತ್ರ!

ಅಲ್ಲಿಂದ ಶುರು ನೋಡಿ ಬೆರಗು. ನಾಲ್ಕು ಭಾಗ ಬಂದರೂ ಈ ಸರಣಿಯ ಫೈಟುಗಳು ಯಾಕೆ ಹಳಸಲಿಲ್ಲ ಎಂಬ ಪ್ರಶ್ನೆಗೆ ಉತ್ತರವನ್ನು ನಿರ್ದೇಶಕ ಚಾಡ್ ಸ್ಟಹೆಲ್ಸ್ಕಿ ಗೋಡೆಯ ಮೇಲೆಯೇ ಹಾಕಿಟ್ಟಿದ್ದಾರೆ. ಇವು ಹೊಡೆದಾಟದ ವೇಷ ಹಾಕಿದ ಜೋಕುಗಳು! ಒಂದೇ ಜೋಕನ್ನು ಅದೇ ರೀತಿ ಎರಡನೇ ಸಲ ಹೇಳಿದರೆ ಯಾರೂ ನಗುವುದಿಲ್ಲವಲ್ಲ?

ಸ್ಟಹೆಲ್ಸ್ಕಿ ಸ್ವತಃ ಸ್ಟಂಟ್ ಕಲಾವಿದ. 1999ರ ‘ದಿ ಮ್ಯಾಟ್ರಿಕ್ಸ್’ನಲ್ಲಿ ವಿಕ್ ಪಾತ್ರಧಾರಿ ಕೀಯನು ರೀವ್ಸ್‌ಗೆ ಡ್ಯೂಪ್ ಆಗಿದ್ದವರು. ಕೀಟನ್ ಆದರೋ, ತನ್ನ ಸಾಹಸವನ್ನು ತಾನೇ ಮಾಡಿದವನು. 1924ರ ‘ಶರ್ಲಾಕ್ ಜೂನಿಯರ್’ ಚಿತ್ರೀಕರಣದಲ್ಲಿ ನೀರಿನ ತೊಟ್ಟಿಯ ಧಾರೆ ಅವನನ್ನು ರೈಲು ಹಳಿಯ ಮೇಲೆ ಕೆಡವಿತು. ಕತ್ತಿನ ಮೂಳೆ ಮುರಿದಿತ್ತೆಂದು ವೈದ್ಯರು ಕಂಡುಹಿಡಿದದ್ದು ವರ್ಷಗಳ ನಂತರ! ಅವನ ಕ್ಯಾಮೆರಾ ದೂರ ನಿಂತು ತಲೆಯಿಂದ ಕಾಲಿನವರೆಗೆ ಇಡೀ ಮೈ ತೋರಿಸುತ್ತಿತ್ತು. ಜಾನ್ ವಿಕ್‌ನಲ್ಲೂ ಅದೇ: ಹೊಡೆತ ಎಲ್ಲಿಂದ ಬಂತು, ಎಲ್ಲಿಗೆ ಬಿತ್ತು, ಬಿದ್ದವನು ಹೇಗೆ ಎದ್ದ ಎಲ್ಲವೂ ಒಂದೇ ಚೌಕಟ್ಟಿನಲ್ಲಿ.

ಈಗ ಪೆನ್ಸಿಲ್ ಕಥೆ ಕೇಳಿ. 2014ರ ಮೊದಲ ಚಿತ್ರದಲ್ಲಿ ಖಳನಾಯಕ ಹೇಳುತ್ತಾನೆ, ಬಾರ್ ಒಂದರಲ್ಲಿ ಮೂವರನ್ನು ವಿಕ್ ಬರೀ ಪೆನ್ಸಿಲ್‌ನಿಂದ ಮುಗಿಸಿದ್ದನಂತೆ. ಹೇಳುತ್ತಾನೆ ಅಷ್ಟೇ, ತೋರಿಸುವುದಿಲ್ಲ! ಎರಡನೇ ಭಾಗದಲ್ಲಿ ಮತ್ತೆ ಆ ಮಾತು ಬರುತ್ತದೆ. ಕೊನೆಗೊಮ್ಮೆ ವಿಕ್‌ನ ಕೈಗೆ ನಿಜವಾಗಿಯೂ ಪೆನ್ಸಿಲ್ ಸಿಕ್ಕಾಗ ಥಿಯೇಟರ್ ಕೇಕೆ ಹಾಕುತ್ತದೆ. ಮೂರು ವರ್ಷ ಬಾಕಿ ಉಳಿಸಿಕೊಂಡಿದ್ದ ಪಂಚ್ ಅದು!

ಮೂರನೇ ಭಾಗದಲ್ಲಿ ಪೆನ್ಸಿಲ್ ಇಲ್ಲ, ಪುಸ್ತಕ ಇದೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಕಪಾಟುಗಳ ಸಂದಿಯಲ್ಲಿ ವಿಕ್‌ನ ಎದುರು ಬೆಟ್ಟದಂಥ ಆಳು, ಬಾಸ್ಕೆಟ್‌ಬಾಲ್ ಆಟಗಾರ ಬೋಬಾನ್ ಮರ್ಯಾನೊವಿಚ್. ವಿಕ್ ಅದೇ ಪುಸ್ತಕವನ್ನು ಗುರಾಣಿ ಮಾಡಿಕೊಳ್ಳುತ್ತಾನೆ, ಸುತ್ತಿಗೆ ಮಾಡಿಕೊಳ್ಳುತ್ತಾನೆ, ದೈತ್ಯನನ್ನು ಕೆಡವುತ್ತಾನೆ. ಆಮೇಲೆ? ಜೀವ ಕೈಯಲ್ಲಿ ಹಿಡಿದು ಓಡಬೇಕಾದವನು ನಿಂತು, ಪುಸ್ತಕವನ್ನು ಕಪಾಟಿನಲ್ಲಿ ಅದರ ಜಾಗಕ್ಕೇ ಇಟ್ಟು ಹೋಗುತ್ತಾನೆ! ಸ್ವಲ್ಪ ಹೊತ್ತಿಗೇ ಹಳೆಯ ಆಯುಧಗಳ ಗಾಜಿನ ಪೆಟ್ಟಿಗೆಗಳನ್ನು ಒಡೆದು ಚಾಕುಗಳ ಸುರಿಮಳೆ. ಎಸೆದದ್ದೆಲ್ಲ ನಾಟುವುದಿಲ್ಲ, ಕೆಲವು ತಗುಲಿ ಠಣ್ಣೆಂದು ಕೆಳಗೆ ಬೀಳುತ್ತವೆ. ಆ ಗುರಿ ತಪ್ಪುವಿಕೆಯೇ ಮಜಾ!

ಎದುರಾಳಿಗಳ ಸಂಖ್ಯೆ ಹೆಚ್ಚಿಸಿದರೆ ಸಾಲದು ಎಂಬುದಕ್ಕೆ ಸಾಕ್ಷಿಯೂ ಇದೇ ಕೀಯನು ರೀವ್ಸ್. 2003ರ ‘ದಿ ಮ್ಯಾಟ್ರಿಕ್ಸ್ ರಿಲೋಡೆಡ್’ನಲ್ಲಿ ಆತನ ಮೇಲೆ ಖಳನಾಯಕ ಸ್ಮಿತ್‌ನ ಸುಮಾರು ನೂರು ಪ್ರತಿಗಳು ಮುಗಿಬೀಳುತ್ತವೆ. ನಟ ಹೋಗಿ ಕಂಪ್ಯೂಟರ್ ಗೊಂಬೆ ಬಂದ ಕ್ಷಣ ನಮ್ಮ ಎದೆಬಡಿತ ಇಳಿಯುತ್ತದೆ. ಗೊಂಬೆಗೆ ನೋವಾಗುವುದಿಲ್ಲ, ಜಾರಿ ಬೀಳುವ ಭಯವಿಲ್ಲ.

ಹಾಗಾದರೆ 101 ನಿಮಿಷದಿಂದ 169 ನಿಮಿಷಕ್ಕೆ ಬೆಳೆದ ಸರಣಿಯ ನಾಲ್ಕನೇ ಭಾಗ ಏನು ಮಾಡುತ್ತದೆ? 2023ರಲ್ಲಿ ಕ್ಯಾಮೆರಾವನ್ನೇ ಸೂರಿಗೆ ಏರಿಸುತ್ತದೆ! ಪ್ಯಾರಿಸ್‌ನ ಪಾಳುಮನೆ, ಮೇಲಿನಿಂದ ಕೋಣೆಗಳೆಲ್ಲ ಕಾಣುತ್ತವೆ. ವಿಕ್‌ನ ಬಂದೂಕು ಪ್ರತಿ ಗುಂಡಿಗೂ ಬೆಂಕಿ ಉಗುಳುತ್ತದೆ. ಗೋಡೆಯ ಆಚೆ ಕಾದಿರುವ ಶತ್ರು ನಮಗೆ ಕಾಣುತ್ತಾನೆ, ವಿಕ್‌ಗೆ ಕಾಣುವುದಿಲ್ಲ. ಪಾತ್ರಕ್ಕಿಂತ ಮೊದಲು ಪ್ರೇಕ್ಷಕನಿಗೆ ಗೊತ್ತಾಗುವುದು ಹಾಸ್ಯದ ಎಷ್ಟು ಹಳೆಯ ಪಟ್ಟು!

ಮುಂದೆ ಸಕ್ರೇ ಕರ್ ಚರ್ಚಿನ 222 ಮೆಟ್ಟಿಲು. ಸೂರ್ಯೋದಯದೊಳಗೆ ಮೇಲೆ ತಲುಪಲೇಬೇಕು. ಹೊಡೆಯುತ್ತ ಹೊಡೆಯುತ್ತ ಇನ್ನೇನು ಮುಟ್ಟಿದ ಎನ್ನುವಾಗ ಒಂದೇ ಒದೆತ. ಉರುಳಿದ, ಉರುಳುತ್ತಲೇ ಇದ್ದಾನೆ, ನಿಂತನೆಂದರೆ ಮತ್ತೆ ಉರುಳುತ್ತಾನೆ, ಬುಡದವರೆಗೂ! ಪ್ರೇಕ್ಷಕರು ಅಯ್ಯೋ ಎನ್ನುತ್ತಲೇ ನಗುತ್ತಾರೆ. ಕೀಟನ್ ಕಂಡಿದ್ದರೆ ಚಪ್ಪಾಳೆ ತಟ್ಟುತ್ತಿದ್ದ.

ನಮ್ಮ ‘ಕೆಜಿಎಫ್’ ನೆನಪಾಯಿತೇ? ಸಾಹಸ ನಿರ್ದೇಶನದ ರಾಷ್ಟ್ರಪ್ರಶಸ್ತಿ ಎರಡೂ ಭಾಗಕ್ಕೆ ಬಂತು. ಮೊದಲನೆಯದಕ್ಕೆ ವಿಕ್ರಂ ಮೋರ್ ಮತ್ತು ಅನ್ಬರಿವ್ ಜೋಡಿಗೆ, ಎರಡನೆಯದಕ್ಕೆ ಅನ್ಬರಿವ್‌ಗೆ. ಎರಡನೇ ಭಾಗದಲ್ಲಿ ‘ದೊಡ್ಡಮ್ಮ’ ಮೆಷಿನ್‌ಗನ್ ಪೊಲೀಸ್ ಠಾಣೆಯನ್ನು ಚಿಂದಿ ಮಾಡಿದ್ದಕ್ಕಿಂತ ಹೆಚ್ಚು ಶಿಳ್ಳೆ ಬಿದ್ದದ್ದು ಯಾವುದಕ್ಕೆ? ಕಾದು ಕೆಂಪಾದ ನಳಿಗೆಯಲ್ಲಿ ನಾಯಕ ರಾಕಿ ಸಿಗರೇಟು ಹೊತ್ತಿಸಿಕೊಂಡದ್ದಕ್ಕೆ! ಅದು ಅಪ್ಪಟ ಜೋಕು, ಟೈಮಿಂಗ್ ಸಮೇತ.

ಇನ್ನು ಮುಂದೆ ಯಾವುದೇ ಪಾರ್ಟ್ 2, ಪಾರ್ಟ್ 3 ಬರಲಿ, ಎಷ್ಟು ಜನ ಸತ್ತರು, ಎಷ್ಟು ಕಾರು ಹಾರಿದವು ಎಂದು ಎಣಿಸಬೇಡಿ. ಹೊಡೆದಾಟದ ನಡುವೆ ನಿಮಗೆ ಗೊತ್ತಿಲ್ಲದೆಯೇ ನಗು ಬಂತೇ? ಬಂದಿದ್ದರೆ ಪಾರ್ಟ್ 4ಕ್ಕೂ ಧೈರ್ಯವಾಗಿ ಟಿಕೆಟ್ ತೆಗೆಯಿರಿ!